ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಗಾಡಿ ಓಡಿಸಿದರೆ: ಒಂದು ಬಂಧನ, ಎರಡು ಪ್ರಕರಣ, ಹತ್ತು ದಿನ

ಪರಿಚಯದ ಹುಡುಗನೊಬ್ಬ ಒಂದು ಭಾನುವಾರ ಮನೆಗೆ ಬಂದು, ನಾಲ್ಕಾಗಿ ಮಡಚಿದ್ದ ಗುಲಾಬಿ ಬಣ್ಣದ ಹಾಳೆಯೊಂದನ್ನು ನಮ್ಮ ಊಟದ ಮೇಜಿನ ಮೇಲೆ ಬಿಡಿಸಿಟ್ಟ. ಎರಡು ವಾರದ ಹಿಂದೆ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿ ಬರುವಾಗ ಪೊಲೀಸರು ಅವನ ಕಾರು ನಿಲ್ಲಿಸಿ, ಉಸಿರು ಪರೀಕ್ಷೆ ಮಾಡಿ, ರಾತ್ರಿಯೆಲ್ಲ ಠಾಣೆಯಲ್ಲಿ ಇರಿಸಿಕೊಂಡು ಬೆಳಿಗ್ಗೆ ಬಿಟ್ಟಿದ್ದರು. ಕೋರ್ಟಿಗೆ ಹಾಜರಾಗಬೇಕಾದ ದಿನ ಇನ್ನೂ ಮೂರು ವಾರ ದೂರವಿತ್ತು. ಅಷ್ಟರೊಳಗೆ ವಕೀಲರನ್ನು ಕಂಡರೆ ಸಾಕೆಂದುಕೊಂಡು ಆ ಹಾಳೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು ಮರೆತಿದ್ದ. ಹಾಳೆಯನ್ನು ನಿಧಾನವಾಗಿ ಓದಿದಾಗ ಗೊತ್ತಾಯಿತು: ಪರವಾನಗಿ ಉಳಿಸಿಕೊಳ್ಳಲು ವಿಚಾರಣೆ ಕೇಳುವುದಕ್ಕೆ ಅವನಿಗಿದ್ದದ್ದು ಹತ್ತೇ ದಿನ. ಅದು ಮುಗಿದು ನಾಲ್ಕು ದಿನವಾಗಿತ್ತು.

ಅವನು ದಡ್ಡನಲ್ಲ. ಒಂದು ರಾತ್ರಿಯ ಬಂಧನದಿಂದ ಎರಡು ಬೇರೆ ಬೇರೆ ಪ್ರಕರಣ ಹುಟ್ಟಿಕೊಳ್ಳುತ್ತವೆ ಎಂಬುದು ಅವನಿಗೆ ತಿಳಿದಿರಲಿಲ್ಲ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಹತ್ತಾರು ವರ್ಷ ಕಾರು ಓಡಿಸಿದವರಿಗೂ ಇದು ತಿಳಿದಿರುವುದಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯದ ಕಾನೂನು ಒಂದೊಂದು ಬಗೆ. ನಮ್ಮವರು ಹೆಚ್ಚಾಗಿ ನೆಲೆಸಿರುವ ಈ ರಾಜ್ಯದ ಕಾನೂನನ್ನೇ ಹಿಡಿದು ಹೇಳುತ್ತೇನೆ.

0.08 ಎಂದರೆ ಎಷ್ಟು?

ಕುಡಿದು ಓಡಿಸುವ ಈ ಅಪರಾಧವನ್ನು ಇಲ್ಲಿ ಎಲ್ಲರೂ ಕರೆಯುವುದು ಡಿಯುಐ, ಅಂದರೆ 'ಡ್ರೈವಿಂಗ್ ಅಂಡರ್ ದಿ ಇನ್‌ಫ್ಲುಯೆನ್ಸ್', ಎಂದು. ವಾಹನ ಸಂಹಿತೆಯ 23152ನೆಯ ಕಲಮು ಇದಕ್ಕೆ ಬೇರು. ಆ ಕಲಮಿನಲ್ಲಿ ಹಲವು ಉಪವಿಧಿಗಳಿದ್ದರೂ ಮೊದಲಿನ ಎರಡನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬೇಕು. ಮದ್ಯದ ಪ್ರಭಾವದಲ್ಲಿ ವಾಹನ ಓಡಿಸುವುದು ಅಪರಾಧ ಎನ್ನುತ್ತದೆ ಒಂದು. ರಕ್ತದಲ್ಲಿ ಮದ್ಯಾಂಶ ಶೇಕಡ 0.08 ಅಥವಾ ಅದಕ್ಕಿಂತ ಹೆಚ್ಚಿರುವಾಗ ಓಡಿಸುವುದು ಅಪರಾಧ ಎನ್ನುತ್ತದೆ ಇನ್ನೊಂದು. ಎರಡನೆಯದರಲ್ಲಿ ನೀವು ತೂರಾಡಿದಿರೋ ಇಲ್ಲವೋ, ಕಾರು ನೆಟ್ಟಗೆ ಹೋಗುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅಂಕಿಯೇ ಅಪರಾಧ. ಮೊದಲನೆಯದರಲ್ಲಿ ಅಂಕಿಯ ಹಂಗಿಲ್ಲ. 0.06 ಇದ್ದರೂ ನಿಮ್ಮ ಚಾಲನೆ ಹದ ತಪ್ಪಿತ್ತು ಎಂದು ಸಾಬೀತಾದರೆ ಶಿಕ್ಷೆಯಾಗುತ್ತದೆ. "0.08ರ ಒಳಗಿದ್ದರೆ ಏನೂ ಮಾಡಲಾರರು" ಎಂದು ಪಾರ್ಟಿಗಳಲ್ಲಿ ಕೇಳಿಬರುವ ಮಾತು ತಪ್ಪು. ಅದನ್ನು ನಂಬಿ ಕೀಲಿ ಕೈಗೆತ್ತಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನೂರು ಮಿಲಿಲೀಟರ್ ರಕ್ತದಲ್ಲಿ 0.08 ಗ್ರಾಂ, ಅಂದರೆ 80 ಮಿಲಿಗ್ರಾಂ ಆಲ್ಕೋಹಾಲ್ ಇದ್ದರೆ ಅದು ಶೇಕಡ 0.08. ಭಾರತದ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು ಇಟ್ಟಿರುವ ಮಿತಿ 30 ಮಿಲಿಗ್ರಾಂ. ಮಿತಿಯನ್ನಷ್ಟೇ ನೋಡಿದರೆ ಬೆಂಗಳೂರಿನ ಕಾನೂನೇ ಹೆಚ್ಚು ಬಿಗಿ. ಸಿಕ್ಕಿಬಿದ್ದ ಮೇಲೆ ಆಗುವ ಪರಿಣಾಮದಲ್ಲಿ ಮಾತ್ರ ಅಜಗಜಾಂತರ.

ಇನ್ನು ಪೆಗ್ಗಿನ ಲೆಕ್ಕ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್: 355 ಮಿಲಿಲೀಟರ್ ಬಿಯರ್, ಇಲ್ಲವೇ ಒಂದು ಚಿಕ್ಕ ಗ್ಲಾಸ್ ವೈನ್, ಇಲ್ಲವೇ 44 ಮಿಲಿಲೀಟರ್ ವಿಸ್ಕಿ. ನಮ್ಮವರು ಮನೆಯಲ್ಲಿ ಸುರಿದುಕೊಳ್ಳುವ ಲಾರ್ಜ್ 60 ಮಿಲಿಲೀಟರ್. ಅದರಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. "ಎರಡೇ ಕುಡಿದೆ" ಎನ್ನುವವನು ಇಲ್ಲಿನ ಅಳತೆಯಲ್ಲಿ ಹತ್ತಿರ ಹತ್ತಿರ ಮೂರು ಕುಡಿದಿರುತ್ತಾನೆ. ದೇಹ ಇದನ್ನು ಕರಗಿಸುವುದು ಗಂಟೆಗೆ ಸುಮಾರು 0.015ರ ಲೆಕ್ಕದಲ್ಲಿ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಎರಡಕ್ಕೆ 0.16 ಮುಟ್ಟಿ ಮಲಗಿದವನು ಬೆಳಿಗ್ಗೆ ಏಳಕ್ಕೆ ಎದ್ದು, ಹಲ್ಲುಜ್ಜಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಹೊರಟಾಗಲೂ ಅವನ ರಕ್ತದಲ್ಲಿ 0.085ರಷ್ಟು ಉಳಿದಿರುತ್ತದೆ. ಕಾನೂನಿನ ಕಣ್ಣಿಗೆ ಅವನು ಕುಡಿದ ಚಾಲಕನೇ.

ಎಲ್ಲರಿಗೂ ಮಿತಿ 0.08 ಅಲ್ಲ. ಟ್ರಕ್ಕಿನಂತಹ ವಾಣಿಜ್ಯ ವಾಹನ ನಡೆಸುವವರಿಗೆ 0.04. ಬಾಡಿಗೆಗೆ ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವವರಿಗೂ 2018ರ ಜುಲೈಯಿಂದ 0.04. ಉಬರ್, ಲಿಫ್ಟ್ ಓಡಿಸುವವರೂ ಇದರೊಳಗೆ ಬರುತ್ತಾರೆ. 21 ವರ್ಷ ತುಂಬದವರಿಗೆ 0.01. ಇಲ್ಲಿ ಓದಲು ಬಂದ ಹತ್ತೊಂಬತ್ತು, ಇಪ್ಪತ್ತರ ಮಕ್ಕಳು ಇದನ್ನು ಮರೆಯಬಾರದು. ಒಂದು ಬಿಯರ್ ಸಾಕು, ಒಂದು ವರ್ಷ ಪರವಾನಗಿ ಹೋಗುತ್ತದೆ.

ಗಾಂಜಾ ಈ ರಾಜ್ಯದಲ್ಲಿ 2016ರ ಜನಮತದ ನಂತರ ವಯಸ್ಕರಿಗೆ ಕಾನೂನುಬದ್ಧ. ಆದರೆ ಅದರ ಅಮಲಿನಲ್ಲಿ ಓಡಿಸುವುದು ಡಿಯುಐ. ಅದಕ್ಕೆ 0.08ರಂತಹ ಅಂಕಿಯೇ ಇಲ್ಲ. ವೈದ್ಯರು ಬರೆದುಕೊಟ್ಟ ನಿದ್ರೆ ಮಾತ್ರೆ ನುಂಗಿ ತೂಕಡಿಸುತ್ತ ಓಡಿಸಿದರೂ ಅದೇ ಕಲಮು ಅನ್ವಯಿಸುತ್ತದೆ. ಮಾತ್ರೆಯ ಚೀಟಿ ತೋರಿಸಿದರೆ ಬಿಡುಗಡೆ ಸಿಗುವುದಿಲ್ಲ.

ರಸ್ತೆ ಬದಿಯ ಅರ್ಧ ಗಂಟೆ

ಹಿಂದೆ ಕೆಂಪು ನೀಲಿ ದೀಪ ಮಿನುಗಿದ ಮೇಲೆ ನಡೆಯುವ ಪರೀಕ್ಷೆಗಳಲ್ಲಿ ಯಾವುದು ಐಚ್ಛಿಕ, ಯಾವುದು ಕಡ್ಡಾಯ ಎಂಬ ಗೊಂದಲವೇ ಅನೇಕರನ್ನು ಮುಳುಗಿಸುತ್ತದೆ.

ಮೊದಲು ಅಧಿಕಾರಿ ಮೈಕೈ ಹತೋಟಿಯನ್ನು ನೋಡುತ್ತಾರೆ. ಪೆನ್ನಿನ ತುದಿಯನ್ನು ಮುಖದ ಮುಂದೆ ಆಚೀಚೆ ಸರಿಸಿ ಕಣ್ಣಿನ ಪಾಪೆ ಅದುರುತ್ತದೆಯೇ ಎಂದು ಗಮನಿಸುತ್ತಾರೆ. ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಗೆರೆಯ ಮೇಲೆ ಒಂಬತ್ತು ಹೆಜ್ಜೆ ನಡೆದು ತಿರುಗಿ ಬರಲು ಹೇಳುತ್ತಾರೆ. ಒಂಟಿ ಕಾಲಿನಲ್ಲಿ ನಿಂತು ಎಣಿಸಲು ಹೇಳುತ್ತಾರೆ. ಬಳಿಕ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೆ ಊದಲು ಕೇಳಬಹುದು. 21 ದಾಟಿದವರಿಗೆ, ಹಿಂದಿನ ಡಿಯುಐ ಪ್ರಕರಣದ ಪ್ರೊಬೇಷನ್‌ನಲ್ಲಿ (ಅಂದರೆ ಕೋರ್ಟ್ ಷರತ್ತು ಹಾಕಿ ಹೊರಗೆ ಬಿಟ್ಟಿರುವ ಅವಧಿಯಲ್ಲಿ) ಇಲ್ಲದವರಿಗೆ, ಬಂಧನಕ್ಕೆ ಮುಂಚಿನ ಇವು ಯಾವುವೂ ಕಡ್ಡಾಯವಲ್ಲ. ವಿನಯದಿಂದ ಬೇಡವೆನ್ನಬಹುದು.

ಬಂಧನವಾದ ಕ್ಷಣದಿಂದ ಮಾತು ಬೇರೆ. ಈ ರಾಜ್ಯದಲ್ಲಿ ಸ್ಟೇರಿಂಗ್ ಹಿಡಿದವರೆಲ್ಲರೂ, ಕಾನೂನುಬದ್ಧವಾಗಿ ಬಂಧಿತರಾದರೆ ರಕ್ತ ಅಥವಾ ಉಸಿರಿನ ಪರೀಕ್ಷೆಗೆ ಮೊದಲೇ ಒಪ್ಪಿಗೆ ಕೊಟ್ಟಂತೆಯೇ ಎಂದು ಕಾನೂನು ಭಾವಿಸುತ್ತದೆ. ಆಗ "ನನ್ನ ವಕೀಲರ ಜೊತೆ ಮಾತನಾಡಿದ ಮೇಲೆ ಹೇಳುತ್ತೇನೆ" ಎಂದರೆ ಅದು ನಿರಾಕರಣೆಯೇ ಆಗುತ್ತದೆ. ಈ ಪರೀಕ್ಷೆಯ ಮಟ್ಟಿಗೆ ವಕೀಲರ ಸಲಹೆ ಪಡೆಯುವ ಹಕ್ಕು ಇಲ್ಲ. ಮೊದಲ ಸಲ ನಿರಾಕರಿಸಿದರೂ ಪರವಾನಗಿ ಒಂದು ವರ್ಷ ಅಮಾನತಾಗುತ್ತದೆ, ಮುಂದೆ ಶಿಕ್ಷೆಯಾದರೆ ಜೈಲುವಾಸವೂ ಹೆಚ್ಚಬಹುದು. ಸಿನಿಮಾ ನೋಡಿ ಕಲಿತ ಧೈರ್ಯ ಇಲ್ಲಿ ಬಹಳ ದುಬಾರಿ.

ಪೊಲೀಸರಿಗೂ ನಿಯಮಗಳಿವೆ. ಠಾಣೆಯ ಯಂತ್ರಕ್ಕೆ ಊದಿಸುವ ಮೊದಲು ಹದಿನೈದು ನಿಮಿಷ ಬಂಧಿತನ ಮೇಲೆ ಕಣ್ಣಿಟ್ಟಿರಬೇಕು. ತೇಗಿದರೆ, ವಾಂತಿ ಮಾಡಿಕೊಂಡರೆ ಬಾಯಲ್ಲಿ ಉಳಿದ ಮದ್ಯ ಅಂಕಿಯನ್ನು ಏರಿಸಿಬಿಡಬಹುದು ಎಂಬ ಕಾರಣಕ್ಕೆ. ಎರಡು ಸಲ ಊದಿಸಬೇಕು, ಎರಡರ ನಡುವಿನ ವ್ಯತ್ಯಾಸ 0.02 ಮೀರಬಾರದು. ಓಡಿಸಿದ ಮೂರು ಗಂಟೆಯೊಳಗೆ ಪರೀಕ್ಷೆಯಾಗಿ 0.08 ಬಂದರೆ, ಓಡಿಸುವಾಗಲೂ ಅಷ್ಟಿತ್ತೆಂದು ನ್ಯಾಯಾಲಯ ಊಹಿಸಬಹುದು. ಅದು ಸುಳ್ಳೆಂದು ತೋರಿಸುವ ಅವಕಾಶ ಆರೋಪಿಗೆ ಇದೆ. ವಕೀಲರು ಮೊದಲು ಜಾಲಾಡುವುದೇ ಇಂತಹ ವಿವರಗಳನ್ನು.

ನಿಲ್ಲಿಸಿದ ಕಾರಿನಲ್ಲಿ ಮಲಗಿದ್ದರೆ? ರಾಜ್ಯದ ಸುಪ್ರೀಂ ಕೋರ್ಟ್ 1991ರಲ್ಲಿ, ಮರ್ಸರ್ ಪ್ರಕರಣದಲ್ಲಿ, ವಾಹನ ಸ್ವಲ್ಪವಾದರೂ ಚಲಿಸಿದ್ದರೆ ಮಾತ್ರ ಅದು ಚಾಲನೆ ಎಂದು ಹೇಳಿತು. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಎಂಜಿನ್ ಬಿಸಿಯಿದ್ದು ಕಾರು ರಸ್ತೆಯ ಅಂಚಿನಲ್ಲಿ ನಿಂತಿದ್ದರೆ, ಅಲ್ಲಿಗೆ ನೀವೇ ಓಡಿಸಿಕೊಂಡು ಬಂದಿರಿ ಎಂದು ಸಾಂದರ್ಭಿಕ ಸಾಕ್ಷ್ಯದಿಂದ ಸಾಧಿಸಬಹುದು.

ಎರಡು ಪ್ರಕರಣಗಳು

ಮತ್ತೆ ಆ ಗುಲಾಬಿ ಹಾಳೆಗೆ ಬರೋಣ. ಬಂಧಿಸಿದ ಅಧಿಕಾರಿ ಕ್ಯಾಲಿಫೋರ್ನಿಯಾದ ಪರವಾನಗಿಯನ್ನು ಅಲ್ಲಿಯೇ ಕಿತ್ತುಕೊಂಡು ಈ ಹಾಳೆ ಕೊಡುತ್ತಾರೆ. ಇದು ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ: ಮೂವತ್ತು ದಿನಗಳ ತಾತ್ಕಾಲಿಕ ಪರವಾನಗಿಯೂ ಹೌದು, ಆ ಬಳಿಕ ನಿಮ್ಮ ಪರವಾನಗಿ ಅಮಾನತಾಗುತ್ತದೆ ಎಂಬ ನೋಟಿಸೂ ಹೌದು. ಇದು ಮೋಟಾರು ವಾಹನ ಇಲಾಖೆಯ, ಅಂದರೆ ಡಿಎಂವಿಯ ಪ್ರಕರಣ. ಕೋರ್ಟಿನದು ಬೇರೆಯೇ ಪ್ರಕರಣ. ಅಲ್ಲಿ ಜಿಲ್ಲಾ ಅಟಾರ್ನಿ, ಅಂದರೆ ಸರ್ಕಾರಿ ವಕೀಲರು, ಆರೋಪ ಹೊರಿಸಬೇಕು, ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತುಪಡಿಸಬೇಕು, ಬೇಕೆಂದರೆ ಹನ್ನೆರಡು ಜನರ ಜ್ಯೂರಿಯ ಮುಂದೆ.

ಡಿಎಂವಿಯಲ್ಲಿ ಜ್ಯೂರಿ ಇಲ್ಲ, ನ್ಯಾಯಾಧೀಶರಿಲ್ಲ. ಇಲಾಖೆಯ ಅಧಿಕಾರಿಯೇ ವಿಚಾರಣೆ ನಡೆಸುತ್ತಾರೆ. ಮೊದಲೆಲ್ಲ ಒಬ್ಬರೇ ಇಲಾಖೆಯ ಪರ ವಾದಿಸಿ ತೀರ್ಪನ್ನೂ ಕೊಡುತ್ತಿದ್ದರು. ಅದು ನ್ಯಾಯವಲ್ಲವೆಂದು ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಹೇಳಿದ್ದು ತುಂಬ ತಡವಾಗಿ ಬಂದ ಒಳ್ಳೆಯ ತೀರ್ಪು ಎಂದೇ ನನ್ನ ಭಾವನೆ. ಉಸಿರು ಅಥವಾ ರಕ್ತದ ಪರೀಕ್ಷೆ ಆಗಿದ್ದರೆ ಇಲ್ಲಿ ಕೇಳುವುದು ಮೂರೇ ಪ್ರಶ್ನೆ: ಅಧಿಕಾರಿಗೆ ಸಂಶಯಪಡಲು ಕಾರಣವಿತ್ತೇ, ಬಂಧನ ಕಾನೂನುಬದ್ಧವೇ, ಅಂಕಿ 0.08 ಮುಟ್ಟಿತ್ತೇ. ಪೂರ್ಣ ಖಚಿತತೆ ಬೇಕಿಲ್ಲ, ತಕ್ಕಡಿ ಸ್ವಲ್ಪ ವಾಲಿದರೆ ಸಾಕು. ಹತ್ತು ದಿನದೊಳಗೆ ವಿಚಾರಣೆ ಕೇಳದಿದ್ದರೆ ಆ ಪ್ರಶ್ನೆಗಳನ್ನೂ ಯಾರೂ ಕೇಳುವುದಿಲ್ಲ. ಮೊದಲ ಸಲದವರಿಗೆ ನಾಲ್ಕು ತಿಂಗಳ ಅಮಾನತು ತಾನಾಗಿಯೇ ಜಾರಿಗೆ ಬರುತ್ತದೆ. ಕೋರ್ಟಿನಲ್ಲಿ ಆರೋಪವನ್ನು ಕೈಬಿಟ್ಟರೂ ಅದು ತಾನಾಗಿ ರದ್ದಾಗುವುದಿಲ್ಲ. ನಮ್ಮ ಹುಡುಗನಿಗೆ ಆದದ್ದು ಇದೇ.

ಪೂರ್ತಿ ಕೈ ಕಟ್ಟಿಹಾಕುತ್ತಾರೆ ಎಂದಲ್ಲ. ಪರೀಕ್ಷೆ ನಿರಾಕರಿಸದ ಹೆಚ್ಚಿನವರು ಕಾರಿಗೆ ಇಗ್ನಿಷನ್ ಇಂಟರ್‌ಲಾಕ್ ಹಾಕಿಸಿಕೊಂಡರೆ ಓಡಿಸುವುದನ್ನು ಮುಂದುವರಿಸಬಹುದು. ಟಿವಿ ರಿಮೋಟಿನಷ್ಟು ದೊಡ್ಡದಾದ ಸಾಧನ, ಸುರುಳಿ ವೈರಿನಿಂದ ಡ್ಯಾಶ್‌ಬೋರ್ಡಿಗೆ ಬಿಗಿದಿರುತ್ತದೆ. ಅದಕ್ಕೆ ಊದಿ, ಮದ್ಯವಿಲ್ಲವೆಂದು ಅದು ಒಪ್ಪಿದರೆ ಮಾತ್ರ ಎಂಜಿನ್ ಶುರುವಾಗುತ್ತದೆ. ದಾರಿಯ ಮಧ್ಯೆಯೂ ಆಗಾಗ ಬೀಪ್ ಎಂದು ಮತ್ತೆ ಊದಲು ಕೇಳುತ್ತದೆ. ಮಗಳನ್ನು ಶಾಲೆಯ ಬಾಗಿಲಲ್ಲಿ ಇಳಿಸುವಾಗ ಅದು ಬೀಪ್ ಎಂದರೆ ಅಲ್ಲಿಯೂ ಊದಬೇಕು.

ಶಿಕ್ಷೆಯ ಮೆಟ್ಟಿಲು

ಯಾರಿಗೂ ಗಾಯವಾಗದ ಮೊದಲ ಡಿಯುಐ ಇಲ್ಲಿ ಮಿಸ್‌ಡಿಮೀನರ್, ಅಂದರೆ ಕೆಳದರ್ಜೆಯ ಕ್ರಿಮಿನಲ್ ಅಪರಾಧ. ಸಂಹಿತೆಯ ಪ್ರಕಾರ 96 ಗಂಟೆಯಿಂದ ಆರು ತಿಂಗಳವರೆಗೆ ಜೈಲು, 390ರಿಂದ 1000 ಡಾಲರ್ ದಂಡ. ಸಾಮಾನ್ಯವಾಗಿ ನ್ಯಾಯಾಲಯ ಮೂರರಿಂದ ಐದು ವರ್ಷದ ಪ್ರೊಬೇಷನ್ ಕೊಡುತ್ತದೆ. ಆಗ ಜೈಲು ಕಡಿಮೆಯಾಗಬಹುದು ಅಥವಾ ತಪ್ಪಲೂಬಹುದು. ಆ 390 ಡಾಲರನ್ನು ನೋಡಿ "ಇಷ್ಟೇನಾ" ಎನ್ನಬೇಡಿ. ಅದರ ಮೇಲೆ ರಾಜ್ಯದ ಮತ್ತು ಕೌಂಟಿಯ ಹೇರಿಕೆಗಳು ಸೇರಿ ಕೈಬಿಡುವ ಹಣ ಎರಡು ಸಾವಿರ ಡಾಲರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೂರು ತಿಂಗಳ ಡಿಯುಐ ಶಾಲೆಗೆ ಹೋಗಬೇಕು. ಅಂಕಿ 0.20 ಮುಟ್ಟಿದ್ದರೆ ಒಂಬತ್ತು ತಿಂಗಳು. ವಿಮೆ ಇದೆಯೆಂದು ತೋರಿಸಲು ವಿಮಾ ಕಂಪನಿಯಿಂದ ಎಸ್‌ಆರ್-22 ಎಂಬ ಪ್ರಮಾಣಪತ್ರ ತರಬೇಕು, ಅದರೊಂದಿಗೆ ಕಂತು ಮೇಲೇರುತ್ತದೆ. ಪ್ರೊಬೇಷನ್ ಮುಗಿಯುವವರೆಗೆ 0.01 ಇಟ್ಟುಕೊಂಡು ಓಡಿಸುವಂತಿಲ್ಲ. ಕಾರಿನಲ್ಲಿ ಹದಿನಾಲ್ಕರೊಳಗಿನ ಮಗುವಿದ್ದರೆ ಜೈಲುವಾಸ ಹೆಚ್ಚುತ್ತದೆ.

ಹತ್ತು ವರ್ಷದೊಳಗೆ ಎರಡನೆಯ ಸಲವಾದರೆ 90 ದಿನದಿಂದ ಒಂದು ವರ್ಷ ಜೈಲು, ಎರಡು ವರ್ಷ ಪರವಾನಗಿ ಅಮಾನತು. ಮೂರನೆಯದಕ್ಕೆ ಕನಿಷ್ಠ 120 ದಿನ, ಮೂರು ವರ್ಷ ಪರವಾನಗಿ ರದ್ದು. ನಾಲ್ಕನೆಯದು ಫೆಲೊನಿಯಾಗಬಹುದು, ಅಂದರೆ ಸ್ಥಳೀಯ ಜೈಲಲ್ಲ, ರಾಜ್ಯದ ಸೆರೆಮನೆಗೇ ಕಳುಹಿಸಬಹುದಾದ ಘೋರ ಅಪರಾಧ. ಸರ್ಕಾರಿ ವಕೀಲರೊಂದಿಗೆ ಚೌಕಾಸಿ ಮಾಡಿ 'ವೆಟ್ ರೆಕ್‌ಲೆಸ್' ಎಂಬ ಕಡಿಮೆ ಅಪರಾಧಕ್ಕೆ ಒಪ್ಪಿಕೊಂಡರೂ, ಮುಂದಿನ ಸಲ ಅದು ಹಳೆಯ ಡಿಯುಐ ಎಂದೇ ಲೆಕ್ಕಕ್ಕೆ ಬರುತ್ತದೆ.

ಈ ಎಣಿಕೆಗೆ ಇಷ್ಟು ತೂಕ ಏಕೆ ಬಂತೆಂದು ತಿಳಿಯಲು 1980ರ ಮೇ ತಿಂಗಳಿಗೆ ಹೋಗಬೇಕು. ಸ್ಯಾಕ್ರಮೆಂಟೊ ಬಳಿಯ ಫೇರ್ ಓಕ್ಸ್‌ನಲ್ಲಿ ಚರ್ಚಿನ ಜಾತ್ರೆಗೆ ನಡೆದುಹೋಗುತ್ತಿದ್ದ ಹದಿಮೂರು ವರ್ಷದ ಕ್ಯಾರಿ ಲೈಟ್ನರ್ ಎಂಬ ಹುಡುಗಿಯನ್ನು ಕುಡಿದ ಚಾಲಕನೊಬ್ಬ ಹಿಂದಿನಿಂದ ಗುದ್ದಿ ಕೊಂದ. ಅವನಿಗೆ ಅದು ಮೊದಲನೆಯದಾಗಿರಲಿಲ್ಲ. ಇನ್ನೊಂದು ಅಪಘಾತದಲ್ಲಿ ಸಿಕ್ಕಿಬಿದ್ದು ಎರಡು ದಿನದ ಹಿಂದಷ್ಟೇ ಜಾಮೀನಿನ ಮೇಲೆ ಹೊರಬಂದಿದ್ದ. ತಾಯಿ ಕ್ಯಾಂಡಿ ಲೈಟ್ನರ್ ಅದೇ ವರ್ಷ ಎಂಎಡಿಡಿ ಎಂಬ ತಾಯಂದಿರ ಸಂಘಟನೆ ಕಟ್ಟಿದರು. ಇಂದಿನ ಬಿಗಿ ಕಾನೂನುಗಳ ಹಿಂದೆ ಅಂತಹ ತಾಯಂದಿರ ಒತ್ತಾಯವಿದೆ. 1990ರಲ್ಲಿ ಕ್ಯಾಲಿಫೋರ್ನಿಯಾದ ಮಿತಿ 0.10ರಿಂದ 0.08ಕ್ಕೆ ಇಳಿಯಿತು.

ವೀಸಾದ ಮೇಲಿನ ಪೆಟ್ಟು

ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಮೂರನೆಯ ಕಡತವೊಂದು ತೆರೆಯಬಹುದು. ಇದರ ಬಗ್ಗೆ ಕೋರ್ಟಿನಲ್ಲೂ ಡಿಎಂವಿಯಲ್ಲೂ ಯಾರೂ ಬಿಡಿಸಿ ಹೇಳುವುದಿಲ್ಲ. 2015ರ ಮಾರ್ಗಸೂಚಿಯಿಂದೀಚೆಗೆ, ಐದು ವರ್ಷದೊಳಗೆ ಡಿಯುಐ ಬಂಧನವಾಗಿದ್ದರೆ ಅಮೆರಿಕದ ವಿದೇಶಾಂಗ ಇಲಾಖೆ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ಹಿಂತೆಗೆದುಕೊಳ್ಳಬಹುದು. ಶಿಕ್ಷೆಯಾಗಬೇಕೆಂದಿಲ್ಲ, ಬಂಧನವೇ ಸಾಕು. ಸುದ್ದಿ ಒಂದು ಇಮೇಲ್ ಆಗಿ ಬರುತ್ತದೆ. ಅದನ್ನು ಓದಿದ ಕೂಡಲೇ ದೇಶ ಬಿಡಬೇಕೆಂದು ಹೆದರಬೇಕಿಲ್ಲ. ವೀಸಾ ಎಂದರೆ ಒಳಗೆ ಬರುವ ಚೀಟಿ, ಒಳಗೆ ಇರುವ ಹಕ್ಕು ಬೇರೆ. ಕೆಲಸ ಮುಂದುವರಿಸಬಹುದು. ಆದರೆ ಅಮ್ಮನಿಗೆ ಹುಷಾರಿಲ್ಲವೆಂದೋ ತಂಗಿಯ ಮದುವೆಯೆಂದೋ ಊರಿಗೆ ಹೋದರೆ, ಮರಳುವ ಮುನ್ನ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಕಾನ್ಸುಲೇಟಿಗೆ ಹೊಸದಾಗಿ ಅರ್ಜಿ ಹಾಕಬೇಕು. ಅವರು ಸೂಚಿಸಿದ ವೈದ್ಯರ ಮುಂದೆ ಕುಳಿತು ತನಗೆ ಕುಡಿತದ ಚಟವಿಲ್ಲವೆಂದು ಮನವರಿಕೆ ಮಾಡಿಕೊಡಬೇಕು. ಅಲ್ಲಿಯವರೆಗೆ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲವೂ ಸಮುದ್ರದ ಆಚೆ ಇರುತ್ತವೆ.

ಒಂದೇ ಒಂದು ಸರಳ ಡಿಯುಐಗೆ ಗಡೀಪಾರು ಸಾಮಾನ್ಯವಾಗಿ ಆಗುವುದಿಲ್ಲ. ಎರಡಾದರೆ ಮಾತ್ರ ಕಷ್ಟ. ಸನ್ನಡತೆಯನ್ನು ಪರಿಶೀಲಿಸುವ ಅವಧಿಯಲ್ಲಿ ಎರಡು ಡಿಯುಐ ಶಿಕ್ಷೆಯಾದವರಿಗೆ ಸನ್ನಡತೆ ಇಲ್ಲವೆಂದೇ ಊಹಿಸಿಕೊಳ್ಳಬೇಕೆಂದು ಅಟಾರ್ನಿ ಜನರಲ್ 2019ರಲ್ಲಿ ತೀರ್ಮಾನಿಸಿದರು. ಸನ್ನಡತೆ ತೋರಿಸಲೇಬೇಕಾದ ಪೌರತ್ವದ ಅರ್ಜಿ ಆ ಕಲ್ಲಿಗೆ ಎಡವುತ್ತದೆ. ಹಾಗಾಗಿ ತಪ್ಪೊಪ್ಪಿಗೆಗೆ ಸಹಿ ಹಾಕುವ ಮೊದಲು ಡಿಯುಐ ವಕೀಲರ ಜೊತೆಗೆ ವಲಸೆ ಕಾನೂನಿನ ವಕೀಲರನ್ನೂ ಕಾಣಲೇಬೇಕು.

ಸಹಿ ಹಾಕಿದ ಹಾಳೆ

ಸಾವು ಸಂಭವಿಸಿದರೆ ಈ ಲೆಕ್ಕಗಳೆಲ್ಲ ಬದಿಗೆ ಸರಿಯುತ್ತವೆ. ಕುಡಿದು ಅತಿ ನಿರ್ಲಕ್ಷ್ಯದಿಂದ ಓಡಿಸಿ ಒಬ್ಬರ ಜೀವ ತೆಗೆದರೆ ನಾಲ್ಕು, ಆರು ಅಥವಾ ಹತ್ತು ವರ್ಷ ಸೆರೆ. ಅದರ ಮೇಲೆ ಇನ್ನೊಂದು ಮೆಟ್ಟಿಲಿದೆ. 1979ರ ಜನವರಿಯಲ್ಲಿ ರೆಡ್ಡಿಂಗ್ ಪಟ್ಟಣದಲ್ಲಿ ವಾಟ್ಸನ್ ಎಂಬ ಚಾಲಕ ಕುಡಿದು ಹೊರಟು, ಕೆಂಪು ದೀಪ ದಾಟಿ, ಒಂದು ಕಾರಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತು. ಅಷ್ಟಾದರೂ ನಿಧಾನಿಸದೆ ಮತ್ತೆ ವೇಗ ಹೆಚ್ಚಿಸಿದ. ಮುಂದಿನ ಅಡ್ಡರಸ್ತೆಯಲ್ಲಿ ಇನ್ನೊಂದು ಕಾರಿಗೆ ಗುದ್ದಿ, ಒಬ್ಬ ತಾಯಿಯನ್ನೂ ಆಕೆಯ ಆರು ವರ್ಷದ ಮಗಳನ್ನೂ ಕೊಂದ. ಅವನ ಅಂಕಿ 0.23. ಕುಡಿಯಲು ಬಾರ್‌ಗೆ ಕಾರಿನಲ್ಲಿ ಹೋದವನಿಗೆ ಕಾರಿನಲ್ಲೇ ಮರಳಬೇಕೆಂದು ಗೊತ್ತಿರಲೇಬೇಕು, ಅಪಾಯ ತಿಳಿದೂ ಲೆಕ್ಕಿಸದಿದ್ದರೆ ಅದು ಕೊಲೆಯಾಗಬಹುದು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. ಎರಡನೆಯ ದರ್ಜೆಯ ಕೊಲೆಗೆ ಇಲ್ಲಿ ಶಿಕ್ಷೆ ಹದಿನೈದು ವರ್ಷದಿಂದ ಜೀವಾವಧಿ.

ಅಪಾಯ ತಿಳಿದಿತ್ತು ಎಂದು ಸಾಧಿಸುವುದು ಹೇಗೆ? ಡಿಯುಐ ಶಿಕ್ಷೆಯಾದ ಪ್ರತಿಯೊಬ್ಬರಿಗೂ ನ್ಯಾಯಾಲಯ ಒಂದು ಎಚ್ಚರಿಕೆ ಕೊಡುತ್ತದೆ, ಸಾಮಾನ್ಯವಾಗಿ ಸಹಿ ಹಾಕಬೇಕಾದ ಹಾಳೆಯಲ್ಲಿ: ಕುಡಿದು ಓಡಿಸುವುದು ಮನುಷ್ಯರ ಜೀವಕ್ಕೆ ಅತ್ಯಂತ ಅಪಾಯಕಾರಿ, ಮುಂದೆ ಹಾಗೆ ಮಾಡಿ ಯಾರಾದರೂ ಸತ್ತರೆ ನಿಮ್ಮ ಮೇಲೆ ಕೊಲೆ ಆರೋಪ ಹೊರಿಸಬಹುದು. ಮುಂದೊಂದು ದಿನ ಜ್ಯೂರಿಯ ಮುಂದೆ ಸರ್ಕಾರಿ ವಕೀಲರು ಹಿಡಿದು ತೋರಿಸುವುದು ಅದೇ ಹಾಳೆಯನ್ನು.

ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, "ನಾನಿನ್ನೂ ಅದಕ್ಕೆ ಸಹಿ ಹಾಕಿಲ್ಲ" ಎಂದ. ಹಾಕಿದ್ದಾನೆ. ಕೋರ್ಟಿನಲ್ಲಿ ಅಲ್ಲ, ಡಿಎಂವಿಯಲ್ಲಿ. ಅದೇ ಎಚ್ಚರಿಕೆಯನ್ನು, ಕೊಲೆ ಎಂಬ ಪದವೂ ಸೇರಿದಂತೆ, ಕ್ಯಾಲಿಫೋರ್ನಿಯಾದ ಚಾಲನಾ ಪರವಾನಗಿಯ ಅರ್ಜಿಯಲ್ಲಿಯೇ ಮುದ್ರಿಸಿರುತ್ತಾರೆ. ಸರದಿಯಲ್ಲಿ ನಿಂತು ಅವಸರದಲ್ಲಿ ಅದರ ಕೆಳಗೆ ನಾನೂ ಸಹಿ ಹಾಕಿದ್ದೇನೆ, ಇಲ್ಲಿ ಪರವಾನಗಿ ಪಡೆದ ನೀವೂ ಹಾಕಿದ್ದೀರಿ.